ಪೊಲೀಸರ ಕೈಯಿಂದಲೇ ಸಾಯಲು ಹೊರಡುವವರು: ಅದು ಆತ್ಮಹತ್ಯೆಯೋ, ಎನ್‌ಕೌಂಟರೋ? ಕಾನೂನು ಮತ್ತು ಮನೋವೈದ್ಯಶಾಸ್ತ್ರ ಹೇಳೋದೇನು?

ತಂಬ್ರಹಳ್ಳಿ (ಹಗರಿಬೊಮ್ಮನಹಳ್ಳಿ): ಹೀಗೊಂದು ಸಂದರ್ಭ ಅಂದುಕೊಳ್ಳಿ. ಸಂಜೆ ಹೊತ್ತು, ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳಲ್ಲಿ ವ್ಯಾಪಾರ ಜೋರು. ಒಬ್ಬ ಮನುಷ್ಯ ಕೈಯಲ್ಲಿ ಕುಡುಗೋಲು ಹಿಡಿದು ರಸ್ತೆ ಮಧ್ಯೆ ನಿಂತಿದ್ದಾನೆ. ಯಾರ ಮೇಲೂ ಏರಿ ಹೋಗುತ್ತಿಲ್ಲ, ಸುಮ್ಮನೆ ಕೂಗಾಡುತ್ತಿದ್ದಾನೆ. 112 ವಾಹನ ಬಂದು ನಿಂತ ಕೂಡಲೇ ಅವನ ಮಾತೇ ಬದಲಾಗುತ್ತದೆ. "ಬರ್ರಿ ಸಾರ್, ನನ್ನ ಮುಗಿಸಿಬಿಡ್ರಿ, ನನಗ ಸಾಕಾಗೇತಿ" ಅಂತಾನೆ. ಸುತ್ತ ನೂರು ಜನ, ನೂರು ಮೊಬೈಲ್. ಮುಂದಿನ ಹತ್ತು ನಿಮಿಷದಲ್ಲಿ ಏನು ಬೇಕಾದರೂ ಆಗಬಹುದು.

ಇದು ಕಲ್ಪನೆಯ ಸನ್ನಿವೇಶ, ನಮ್ಮೂರಲ್ಲಿ ನಡೆದದ್ದಲ್ಲ. ಆದರೆ ಇಂಥ ಘಟನೆಗಳಿಗೆ ಅಮೆರಿಕದಲ್ಲಿ ಒಂದು ಹೆಸರೇ ಇದೆ: ಸೂಯಿಸೈಡ್ ಬೈ ಕಾಪ್. ಕನ್ನಡದಲ್ಲಿ ಹೇಳುವುದಾದರೆ, ಪೊಲೀಸರನ್ನು ಕೆರಳಿಸಿ ಅವರ ಕೈಯಿಂದಲೇ ಸಾವು ತಂದುಕೊಳ್ಳುವುದು. ಲಾಸ್ ಏಂಜಲೀಸ್‌ನಲ್ಲಿ ಮೊದಲು ಪೊಲೀಸ್ ಅಧಿಕಾರಿಯಾಗಿದ್ದು, ನಂತರ ಆತ್ಮಹತ್ಯೆ ತಡೆ ಆಪ್ತಸಮಾಲೋಚಕರಾದ ಕಾರ್ಲ್ ಹ್ಯಾರಿಸ್ ಎಂಬವರು 1983ರ ಸುಮಾರಿಗೆ ಈ ಪದ ಬಳಕೆಗೆ ತಂದರು. ಪದ ಹೊಸದಾದರೂ ವಿಚಾರ ಹಳೆಯದು. ಫಿಲಡೆಲ್ಫಿಯಾ ನಗರದ 588 ಕೊಲೆ ಪ್ರಕರಣಗಳನ್ನು ಅಧ್ಯಯನ ಮಾಡಿದ ಮಾರ್ವಿನ್ ವುಲ್ಫ್‌ಗ್ಯಾಂಗ್ ಎಂಬ ಅಪರಾಧಶಾಸ್ತ್ರಜ್ಞ, ಸುಮಾರು ನಾಲ್ಕರಲ್ಲಿ ಒಂದು ಪ್ರಕರಣದಲ್ಲಿ ಸತ್ತವನೇ ಮೊದಲು ಜಗಳಕ್ಕೆ ಕೈ ಹಾಕಿದ್ದನ್ನು ಗುರುತಿಸಿದ್ದರು. ಅವರಲ್ಲಿ ಕೆಲವರಿಗಾದರೂ ಸಾಯುವುದೇ ಬೇಕಾಗಿತ್ತೇನೋ ಎಂಬ ಪ್ರಶ್ನೆಯನ್ನು ಅವರು 1959ರಲ್ಲೇ ಎತ್ತಿದ್ದರು.

ನಮ್ಮಲ್ಲಿ ಯಾಕೆ ಕಡಿಮೆ?

ಕಾರಣ ಸರಳ. ಅಮೆರಿಕದಲ್ಲಿ ಗಸ್ತು ತಿರುಗುವ ಪ್ರತಿ ಪೊಲೀಸನ ಸೊಂಟದಲ್ಲೂ ಪಿಸ್ತೂಲು ಇರುತ್ತದೆ. ನಮ್ಮ ತಾಲೂಕು ಠಾಣೆಯ ಕಾನ್‌ಸ್ಟೇಬಲ್ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಲಾಠಿ. ಹಾಗಾಗಿ ಇಲ್ಲಿ ಅದೇ ಹತಾಶೆ ಬೇರೆ ರೂಪ ತಾಳುತ್ತದೆ. ತಾಲೂಕು ಕಚೇರಿ ಮುಂದೆ, ಠಾಣೆ ಮುಂದೆ, ಒತ್ತುವರಿ ತೆರವಿಗೆ ಬಂದ ಜೆಸಿಬಿ ಮುಂದೆ ನಿಂತು "ಇಲ್ಲೇ ಜೀವ ಬಿಡ್ತೀನಿ" ಎನ್ನುವವರನ್ನು ಈ ಭಾಗದ ಜನ ಕಂಡಿಲ್ಲವೇ? ಬೆದರಿಕೆಯ ಹಿಂದೆ ಇರುವುದು ಹಲವು ಸಲ ಹೊಲದ ಸರ್ವೆ, ಪಹಣಿ ತಿದ್ದುಪಡಿ, ಸಾಲದ ಕಂತು, ಇಲ್ಲವೇ ಮನೆಯೊಳಗಿನ ಜಗಳ. ನೋಡುವವರಿಗೆ ಅದು ನಾಟಕ ಅನ್ನಿಸಬಹುದು. ಮನೋವೈದ್ಯರು ಮಾತ್ರ ಯಾವ ಬೆದರಿಕೆಯನ್ನೂ ನಾಟಕ ಅಂತ ತಳ್ಳಿಹಾಕಬೇಡಿ ಅಂತಾರೆ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದ ಪಾಲು 13,606. ಕಾರಣಗಳಲ್ಲಿ ಮೊದಲ ಸ್ಥಾನ ಕೌಟುಂಬಿಕ ಸಮಸ್ಯೆಗೆ, ಎರಡನೆಯದು ಕಾಯಿಲೆಗೆ. ಪೊಲೀಸರನ್ನು ಕೆರಳಿಸಿ ಸತ್ತವರು ಎಂಬ ಅಂಕಣ ಆ ಪಟ್ಟಿಯಲ್ಲಿ ಇಲ್ಲ. ಅಂಥವರು ಯಾರಾದರೂ ಇದ್ದರೂ ಅವರ ಹೆಸರು ಎನ್‌ಕೌಂಟರ್ ಕಡತದಲ್ಲಿ ಸೇರಿಹೋಗಿರುತ್ತದೆ.

ಲೆಕ್ಕ ಇಟ್ಟವರು ಕಂಡದ್ದು

ಲಾಸ್ ಏಂಜಲೀಸ್ ಕೌಂಟಿ ಶೆರಿಫ್ ಇಲಾಖೆಯ 1987ರಿಂದ 1997ರವರೆಗಿನ 437 ಗುಂಡಿನ ಪ್ರಕರಣಗಳನ್ನು ವೈದ್ಯರ ತಂಡವೊಂದು ಜಾಲಾಡಿ 1998ರಲ್ಲಿ ವರದಿ ಪ್ರಕಟಿಸಿತು. ಅದರಲ್ಲಿ 46 ಪ್ರಕರಣಗಳು, ಅಂದರೆ ನೂರಕ್ಕೆ ಹನ್ನೊಂದು, ಈ ಬಗೆಯವು ಎಂದು ತಂಡ ತೀರ್ಮಾನಿಸಿತು. ಬಹುತೇಕ ಎಲ್ಲರೂ ಗಂಡಸರು. ಇಲ್ಲಿ ಗಮನಿಸಬೇಕಾದ್ದು ಸಮಯ. ಪೊಲೀಸರು ಸ್ಥಳಕ್ಕೆ ಬಂದ ಮೇಲೆ ಗುಂಡು ಹಾರುವ ತನಕ ಹೆಚ್ಚುಕಡಿಮೆ ಸಿಕ್ಕ ಅವಧಿ 15 ನಿಮಿಷ. ಒಂದು ಚಾ ಕುಡಿದು ಮುಗಿಸುವಷ್ಟು ಹೊತ್ತು.

2009ರಲ್ಲಿ ಬಂದ ಮತ್ತೊಂದು ಅಧ್ಯಯನ ಉತ್ತರ ಅಮೆರಿಕದ 707 ಪ್ರಕರಣಗಳನ್ನು ನೋಡಿ, ನೂರಕ್ಕೆ 36 ಇಂಥವು ಎಂದಿತು. ಒಂದು ಕಡೆ 11, ಇನ್ನೊಂದು ಕಡೆ 36. ಇಷ್ಟು ಅಂತರ ಯಾಕೆ? ಆರಿಸಿಕೊಂಡ ಪ್ರಕರಣಗಳೇ ಬೇರೆ, ಜೊತೆಗೆ "ಅವನಿಗೆ ಸಾಯಬೇಕಿತ್ತು" ಎಂದು ತೀರ್ಮಾನಿಸುವ ಅಳತೆಗೋಲೂ ಬೇರೆ. ಸತ್ತವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಬದುಕಿರುವವರು ಬರೆಯುತ್ತಾರೆ. ಬರೆಯುವವರಲ್ಲಿ ಗುಂಡು ಹಾರಿಸಿದ ಇಲಾಖೆಯೂ ಇರುತ್ತದೆ. ಆದ್ದರಿಂದ ಈ ಹಣೆಪಟ್ಟಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಗುಂಡು ಹಾರಿಸುವ ಅಗತ್ಯ ಇರಲಿಲ್ಲ ಎಂಬ ಪ್ರಕರಣಕ್ಕೂ "ಅವನೇ ಬಯಸಿದ್ದು" ಎಂಬ ಮುಚ್ಚಳ ಹಾಕುವುದು ಸುಲಭ.

ಲಾಸ್ ಏಂಜಲೀಸ್‌ನ ಆ ಸಾವುಗಳನ್ನೆಲ್ಲ ಅಲ್ಲಿನ ಮರಣೋತ್ತರ ತನಿಖಾಧಿಕಾರಿ ಆತ್ಮಹತ್ಯೆ ಅಂತ ಬರೆಯಲಿಲ್ಲ, ನರಹತ್ಯೆ ಅಂತಲೇ ಬರೆದರು. ಸತ್ತವನ ಇಚ್ಛೆ ಏನೇ ಇರಲಿ, ಕೊಂದದ್ದು ಮತ್ತೊಬ್ಬ ಮನುಷ್ಯನ ಕೈ.

ನಮ್ಮ ಕಾನೂನಿನಲ್ಲಿ ಇದಕ್ಕೆ ಜಾಗ ಎಲ್ಲಿ?

ಭಾರತದ ಕಾನೂನಿನ ದೃಷ್ಟಿಯೂ ಹೆಚ್ಚುಕಡಿಮೆ ಇದೇ. ಪೊಲೀಸ್ ಗುಂಡಿಗೆ ಯಾರೇ ಸತ್ತರೂ ಮೊದಲ ಪ್ರಶ್ನೆ, ಗುಂಡು ಹಾರಿಸಿದ್ದು ನ್ಯಾಯವೇ ಎಂಬುದು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಹೇಳುತ್ತವೆ. ಪೊಲೀಸರಿಗೂ ಅದೇ ಹಕ್ಕು, ಕಿರಾಣಿ ಅಂಗಡಿಯವನಿಗೂ ಅದೇ ಹಕ್ಕು. ಜೀವಕ್ಕೆ ಅಪಾಯ ಎಂಬ ನಿಜವಾದ ಭಯ ಇರಬೇಕು, ಮತ್ತು ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು. ಬಂಧಿಸುವಾಗ ಎಷ್ಟು ಬಲ ಹಾಕಬಹುದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಹೇಳುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧದ ಆರೋಪ ಇಲ್ಲದ ವ್ಯಕ್ತಿಯನ್ನು ಬಂಧಿಸುವ ಹೆಸರಲ್ಲಿ ಸಾಯಿಸುವ ಹಕ್ಕನ್ನು ಈ ಕಲಂ ಕೊಡುವುದಿಲ್ಲ ಎಂದು ಅಲ್ಲೇ ಬರೆದಿದೆ.

"ಅವನೇ ಹೊಡೀರಿ ಅಂದನಲ್ಲ, ಒಪ್ಪಿಗೆ ಇತ್ತಲ್ಲ?" ಎಂದು ಕೇಳುವವರಿದ್ದಾರೆ. ಸಂಹಿತೆಯ 101ನೇ ಕಲಂನಲ್ಲಿ ಒಪ್ಪಿಗೆಯ ಬಗ್ಗೆ ಒಂದು ವಿನಾಯಿತಿ ಇದೆ ನಿಜ. ಹದಿನೆಂಟು ದಾಟಿದವನು ತಾನೇ ಒಪ್ಪಿ ಸಾವಿಗೆ ಒಳಗಾದರೆ ಅದು ಕೊಲೆ ಎನಿಸಿಕೊಳ್ಳುವುದಿಲ್ಲ. ಆದರೂ ಅದು ದಂಡನೀಯ ನರಹತ್ಯೆಯೇ, ನಿರಪರಾಧವಲ್ಲ. ಅಲ್ಲದೆ ಬುದ್ಧಿ ಸ್ಥಿಮಿತದಲ್ಲಿ ಇಲ್ಲದವನು ಬೀದಿಯಲ್ಲಿ ನಿಂತು ಕೂಗಿದ್ದನ್ನು ಒಪ್ಪಿಗೆ ಅನ್ನಲಾಗದು.

ಎನ್‌ಕೌಂಟರ್ ನಂತರ ಏನು ಮಾಡಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 23ರಂದು ಪಿಯುಸಿಎಲ್ ವಿರುದ್ಧ ಮಹಾರಾಷ್ಟ್ರ ಸರ್ಕಾರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಎಫ್‌ಐಆರ್ ಆಗಬೇಕು. ತನಿಖೆಯನ್ನು ಅದೇ ಠಾಣೆಯವರು ಮಾಡುವಂತಿಲ್ಲ, ಸಿಐಡಿ ಅಥವಾ ಬೇರೆ ಠಾಣೆಯ ತಂಡ ಹಿರಿಯ ಅಧಿಕಾರಿಯ ಉಸ್ತುವಾರಿಯಲ್ಲಿ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಮಾನವ ಹಕ್ಕು ಆಯೋಗಕ್ಕೆ ತಿಳಿಸಬೇಕು. ಗಾಯಾಳುವಿಗೆ ಚಿಕಿತ್ಸೆ, ಮನೆಯವರಿಗೆ ಸುದ್ದಿ. ಘಟನೆ ಆದ ಕೂಡಲೇ ಅಧಿಕಾರಿಗೆ ಬಡ್ತಿ, ಪದಕ ಕೊಡುವಂತಿಲ್ಲ. ಸತ್ತ ಪ್ರಕರಣಕ್ಕೆ ಮಾತ್ರವಲ್ಲ, ತೀವ್ರ ಗಾಯದ ಪ್ರಕರಣಕ್ಕೂ ಇದನ್ನು ಪಾಲಿಸಬೇಕು ಎಂದು ಕೋರ್ಟ್ ಹೇಳಿದೆ. "ಆರೋಪಿ ಕಾಲಿಗೆ ಗುಂಡು" ಎಂಬ ಸುದ್ದಿ ವಾರಕ್ಕೊಂದು ಓದುವ ನಮ್ಮ ರಾಜ್ಯದಲ್ಲಿ ಈ ಸಾಲು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಬಾಲಕಿಯ ಹತ್ಯೆ ಆರೋಪಿ ಪೊಲೀಸ್ ಗುಂಡಿಗೆ ಬಲಿಯಾದಾಗ ಜನ ಸಿಹಿ ಹಂಚಿ ಸಂಭ್ರಮಿಸಿದರು. ಅದು ಆತ್ಮಹತ್ಯೆಯ ಪ್ರಕರಣವಲ್ಲ, ಆರೋಪಿ ಹಲ್ಲೆ ಮಾಡಿ ತಪ್ಪಿಸಿಕೊಳ್ಳಲು ನೋಡಿದ ಎಂಬುದು ಪೊಲೀಸರ ಹೇಳಿಕೆ. ಆದರೆ ಅಲ್ಲಿಯೂ ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ತನಿಖೆ ಸಿಐಡಿ ಕೈಗೆ ಹೋಯಿತು. ಜನರ ಸಂಭ್ರಮ ಏನೇ ಇದ್ದರೂ ಕಡತದ ದಾರಿ ಒಂದೇ.

ಬದುಕುಳಿದರೆ ಕೇಸಾ, ಚಿಕಿತ್ಸೆಯಾ?

ಜನರಿಗೆ ಹೆಚ್ಚು ಗೊಂದಲ ಇರುವುದು ಇಲ್ಲಿ. ಹಳೆಯ ಐಪಿಸಿ 309ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರಿಗೆ ಒಂದು ವರ್ಷದವರೆಗೆ ಸಾದಾ ಜೈಲು ಇತ್ತು. ಸುಪ್ರೀಂ ಕೋರ್ಟ್ 1994ರಲ್ಲಿ ಪಿ. ರತಿನಂ ಪ್ರಕರಣದಲ್ಲಿ ಆ ಕಲಂ ಅಸಾಂವಿಧಾನಿಕ ಎಂದಿತು. ಎರಡೇ ವರ್ಷದಲ್ಲಿ, 1996ರ ಗ್ಯಾನ್ ಕೌರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಮತ್ತೆ ಎತ್ತಿ ಹಿಡಿಯಿತು. 2008ರಲ್ಲಿ ಕಾನೂನು ಆಯೋಗ ತನ್ನ 210ನೇ ವರದಿಯಲ್ಲಿ ಕಲಂ ತೆಗೆದುಹಾಕಿ ಎಂದಿತು.

ನಿಜವಾದ ತಿರುವು ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಿಂದ. 2018ರ ಮೇ 29ರಿಂದ ಇದು ಜಾರಿಯಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಶಿಕ್ಷಿಸಬಾರದು, ಆರೈಕೆ ಮತ್ತು ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ ಎಂದು ಅದರ 115ನೇ ಕಲಂ ಹೇಳುತ್ತದೆ. 2024ರ ಜುಲೈ 1ರಂದು ನ್ಯಾಯ ಸಂಹಿತೆ ಬಂದಾಗ 309 ಪೂರ್ತಿ ಬಿದ್ದುಹೋಯಿತು. ಹಾಗಾಗಿ "ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಕೇಸ್ ಹಾಕ್ತಾರೆ" ಅಂತ ಹೆದರಿ ಮನೆಯಲ್ಲೇ ಮುಚ್ಚಿಡುವ ಕಾಲ ಮುಗಿದಿದೆ. ಈ ಒಂದು ಭಯಕ್ಕೆ ಎಷ್ಟೋ ಜೀವ ತಡವಾಗಿ ಆಸ್ಪತ್ರೆ ಮುಟ್ಟಿವೆ.

ಆದರೆ ಒಂದು ಬಾಲ ಉಳಿದಿದೆ. ಸಂಹಿತೆಯ 226ನೇ ಕಲಂ ಪ್ರಕಾರ, ಸರ್ಕಾರಿ ನೌಕರ ತನ್ನ ಕರ್ತವ್ಯ ಮಾಡುವುದನ್ನು ತಡೆಯಲು ಅಥವಾ ಅವನನ್ನು ಒತ್ತಾಯಿಸಲು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಸಾದಾ ಜೈಲು, ದಂಡ, ಅಥವಾ ಸಮುದಾಯ ಸೇವೆ. ತಹಶೀಲ್ದಾರ್ ಕಚೇರಿ ಮುಂದೆ, ತೆರವು ಕಾರ್ಯಾಚರಣೆ ವೇಳೆ ನಡೆಯುವ ಯತ್ನಗಳಿಗೆ ತಾಗುವ ಕಲಂ ಇದೇ. ಇದನ್ನು ಉಪವಾಸ ಸತ್ಯಾಗ್ರಹದ ಮೇಲೂ ಬಳಸಬಹುದು ಎಂಬ ಆತಂಕ ಇದೆ. ಮಣಿಪುರದ ಇರೋಮ್ ಶರ್ಮಿಳಾ ಹದಿನಾರು ವರ್ಷ ಉಪವಾಸ ಕೂತಾಗ ಹಳೆಯ 309ರ ಅಡಿ ಮತ್ತೆ ಮತ್ತೆ ಬಂಧಿಸಿದ್ದನ್ನು ಮರೆಯುವಂತಿಲ್ಲ. 115ನೇ ಕಲಂನಲ್ಲಿ 309 ಎಂದಷ್ಟೇ ಬರೆದಿರುವುದರಿಂದ ಅದರ ರಕ್ಷಣೆ 226ಕ್ಕೂ ಸಿಗುತ್ತದೆಯೇ ಎಂಬುದು ವಕೀಲರ ನಡುವಿನ ಚರ್ಚೆ. ಮಾತಿನ ಬೆದರಿಕೆಗೂ ನಿಜವಾದ ಯತ್ನಕ್ಕೂ ವ್ಯತ್ಯಾಸ ಇದೆ, ಕಲಂ ಹೇಳುವುದು ಯತ್ನದ ಬಗ್ಗೆ.

ಇನ್ನು ಪೊಲೀಸರ ಮೇಲೆ ಏರಿ ಹೋಗಿ ಬದುಕುಳಿದವನ ಮೇಲೆ ಕರ್ತವ್ಯಕ್ಕೆ ಅಡ್ಡಿಪಡಿಸಲು ಹಲ್ಲೆ (132), ಕೊಲೆ ಯತ್ನ (109) ಪ್ರಕರಣ ಬೀಳುತ್ತದೆ. "ನನಗೆ ಸಾಯಬೇಕಿತ್ತು ಅಷ್ಟೇ" ಎಂಬುದು ಇದಕ್ಕೆ ಪೂರ್ತಿ ಉತ್ತರವಲ್ಲ. ಮಾಡುತ್ತಿರುವುದು ಏನು, ತಪ್ಪೋ ಸರಿಯೋ ಎಂದು ತಿಳಿಯದಷ್ಟು ಚಿತ್ತ ಕೆಟ್ಟಿತ್ತು ಎಂದು ತೋರಿಸಿದರೆ 22ನೇ ಕಲಂ ರಕ್ಷಣೆ ಕೊಡುತ್ತದೆ. ಅದನ್ನು ತೋರಿಸುವ ಹೊಣೆ ಆರೋಪಿಯದು. ಮೊದಲೇ ಚಿಕಿತ್ಸೆ ಪಡೆದ ಚೀಟಿ, ಮಾತ್ರೆ ಬರೆದ ಪುಸ್ತಕ ಇದ್ದರೆ ಜೋಪಾನವಾಗಿ ಇಡಿ ಎಂದು ವಕೀಲರು ಹೇಳುವುದು ಇದಕ್ಕೇ.

ಪೊಲೀಸರ ಮೇಲಿನ ಕರ್ತವ್ಯ

ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರತಿ ಠಾಣಾಧಿಕಾರಿಗೂ ಗೊತ್ತಿರಬೇಕು, ಊರಿನವರಿಗೂ ಗೊತ್ತಿದ್ದರೆ ಒಳ್ಳೆಯದು. ಮಾನಸಿಕ ಕಾಯಿಲೆಯಿಂದ ತನಗಾಗಲಿ ಬೇರೆಯವರಿಗಾಗಲಿ ಅಪಾಯ ತರಬಹುದಾದ ವ್ಯಕ್ತಿ ತನ್ನ ಸರಹದ್ದಿನಲ್ಲಿ ಕಂಡರೆ ಅವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಬಂಧನ ಅಲ್ಲ, ರಕ್ಷಣೆ. ಯಾಕೆ ಕರೆದೊಯ್ಯುತ್ತಿದ್ದೇವೆ ಎಂದು ತಿಳಿಸಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಯಾವ ಕಾರಣಕ್ಕೂ ಲಾಕಪ್‌ನಲ್ಲಿ ಇಡುವಂತಿಲ್ಲ. ಮನೆಯವರು ಠಾಣೆಗೆ ಹೋದಾಗ ಈ ಕಲಂ ಸಂಖ್ಯೆ ಹೇಳಿ ಕೇಳುವ ಹಕ್ಕಿದೆ.

ಅಮೆರಿಕದ ಮೆಂಫಿಸ್ ನಗರದಲ್ಲಿ 1987ರಲ್ಲಿ ಮಾನಸಿಕ ಅಸ್ವಸ್ಥ ಯುವಕನೊಬ್ಬ ಪೊಲೀಸ್ ಗುಂಡಿಗೆ ಬಲಿಯಾದ ಮೇಲೆ ಅಲ್ಲಿನ ಇಲಾಖೆ, ವೈದ್ಯರು ಮತ್ತು ರೋಗಿಗಳ ಕುಟುಂಬಗಳು ಕೂತು 1988ರಲ್ಲಿ ವಿಶೇಷ ತಂಡ ಕಟ್ಟಿದರು. ಆಯ್ದ ಪೊಲೀಸರಿಗೆ 40 ಗಂಟೆ ತರಬೇತಿ. ಪಾಠ ದೊಡ್ಡದೇನಲ್ಲ: ದೂರ ನಿಲ್ಲು, ಅವಸರ ಮಾಡಬೇಡ, ಒಬ್ಬನೇ ಮಾತಾಡು, ದನಿ ಇಳಿಸು, ಅವನಿಗೆ ಉಸಿರಾಡಲು ಹೊತ್ತು ಕೊಡು. ಹದಿನೈದು ನಿಮಿಷದಲ್ಲಿ ಮುಗಿದುಹೋಗುವ ಘಟನೆಯನ್ನು ಎರಡು ಗಂಟೆಗೆ ಎಳೆದರೆ ಬಹಳ ಸಲ ಮನುಷ್ಯ ತಾನೇ ಕುಸಿದು ಕೂರುತ್ತಾನೆ.

ಗುಂಡು ಹಾರಿಸಿದವರ ಕಥೆಯೂ ಇದೆ. ಎದುರಿದ್ದವನು ಸಾಯಲೆಂದೇ ಬಂದಿದ್ದ ಎಂದು ಆಮೇಲೆ ತಿಳಿದ ಅಧಿಕಾರಿಗೆ ನಿದ್ದೆ ಬಾರದಿರುವುದು, ಅದೇ ದೃಶ್ಯ ಕಣ್ಣ ಮುಂದೆ ಬರುವುದು, ಕೆಲಸ ಬಿಡುವ ಮನಸ್ಸಾಗುವುದು ಮನೋವೈದ್ಯರಿಗೆ ಗೊತ್ತಿರುವ ವಿಷಯ. ತನ್ನನ್ನು ಯಾರೋ ಆಯುಧದ ಹಾಗೆ ಬಳಸಿದರು ಎಂಬ ಭಾವ ಸುಲಭಕ್ಕೆ ಹೋಗುವುದಿಲ್ಲ.

ಉಲ್ಟಾ ಪ್ರಕರಣ

ಪೊಲೀಸರ ಕಿರುಕುಳದಿಂದಲೇ ಆತ್ಮಹತ್ಯೆ ಆಯಿತು ಎಂಬ ಆರೋಪವೂ ಕರ್ನಾಟಕದಲ್ಲಿ ಬಂದಿದೆ. 2024ರ ನವೆಂಬರ್‌ನಲ್ಲಿ ಭೋವಿ ಅಭಿವೃದ್ಧಿ ನಿಗಮದ ಅವ್ಯವಹಾರ ತನಿಖೆಯಲ್ಲಿ ವಿಚಾರಣೆ ಎದುರಿಸಿದ್ದ ಬೆಂಗಳೂರಿನ ವಕೀಲೆಯೊಬ್ಬರು ತನಿಖಾಧಿಕಾರಿ ಅವಮಾನಿಸಿದರು ಎಂದು ಬರೆದಿಟ್ಟು ತೀರಿಕೊಂಡರು. ಹೈಕೋರ್ಟ್ ವಿಶೇಷ ತನಿಖಾ ತಂಡ ರಚಿಸಿತು. ಇಂಥಲ್ಲಿ ಬರುವುದು 108ನೇ ಕಲಂ, ಆತ್ಮಹತ್ಯೆಗೆ ಪ್ರಚೋದನೆ, ಹತ್ತು ವರ್ಷದವರೆಗೆ ಶಿಕ್ಷೆ. ಆದರೆ ಪತ್ರದಲ್ಲಿ ಹೆಸರು ಬರೆದಿದ್ದರೆ ಸಾಕಾಗುವುದಿಲ್ಲ. ಪ್ರಚೋದಿಸುವ ಉದ್ದೇಶ, ಅದಕ್ಕೂ ಸಾವಿಗೂ ಹತ್ತಿರದ ಸಂಬಂಧ ಇತ್ತು ಎಂದು ಸಾಬೀತಾಗಬೇಕು ಎಂಬುದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದ ಮಾತು. ಸಾಲ ಕೊಟ್ಟು ವಸೂಲಿಗೆ ಹೋಗುವ ವ್ಯಾಪಾರಿಗಳಿಗೂ ಈ ಕಲಂ ಗೊತ್ತಿರಲಿ. ಮೈಕ್ರೋಫೈನಾನ್ಸ್ ಕಿರುಕುಳ ತಡೆಗೆ 2025ರ ಫೆಬ್ರುವರಿಯಲ್ಲಿ ರಾಜ್ಯ ತಂದ ಸುಗ್ರೀವಾಜ್ಞೆಯಲ್ಲೂ ಹತ್ತು ವರ್ಷದವರೆಗೆ ಜೈಲು ಶಿಕ್ಷೆ ಇಡಲಾಗಿತ್ತು.

ಮನಸ್ಸಿನೊಳಗೆ ಏನು ನಡೆಯುತ್ತದೆ?

ಸಾಯಬೇಕು ಎನ್ನುವವನ ಮನಸ್ಸು ಒಂದೇ ಕಡೆ ಇರುವುದಿಲ್ಲ. ಅರ್ಧ ಸಾಯಬೇಕು ಅನ್ನುತ್ತದೆ, ಅರ್ಧ ಯಾರಾದರೂ ತಡೆಯಲಿ ಅನ್ನುತ್ತದೆ. ಬೀದಿಗೆ ಬಂದು ಕೂಗುವುದೇ ಆ ಇನ್ನರ್ಧದ ದನಿ. ತನ್ನ ಕೈಯಾರೆ ಸಾಯುವುದು ಪಾಪ, ಮನೆತನಕ್ಕೆ ಕೆಟ್ಟ ಹೆಸರು ಎಂಬ ಭಯ ಕೆಲವರನ್ನು ಬೇರೆಯವರ ಕೈಗೆ ತಮ್ಮನ್ನು ಒಪ್ಪಿಸುವಂತೆ ಮಾಡುತ್ತದೆ. ಜೊತೆಗೆ ಹೆಂಡತಿ ಬಿಟ್ಟುಹೋದದ್ದು, ಕೆಲಸ ಹೋದದ್ದು, ಕುಡಿತ, ಖಿನ್ನತೆ, ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳುವ ಕಾಯಿಲೆ, ಹಿಂದೊಮ್ಮೆ ಯತ್ನಿಸಿದ್ದು, ಇವೆಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಯಾವುದೋ ಒಂದೇ ಕಾರಣಕ್ಕೆ ಹೀಗಾಯಿತು ಎಂದು ಬರೆಯುವ ಸುದ್ದಿಗಳು ಸಾಮಾನ್ಯವಾಗಿ ಅರ್ಧ ಸತ್ಯ.

ಆ ತೀವ್ರ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಅದನ್ನು ದಾಟಿಸಿದರೆ, ಯತ್ನಿಸಿ ಬದುಕುಳಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ.

ಹಾಗಾಗಿ ಅಂಗಡಿ ಮುಂದೆ ಇಂಥದ್ದು ಕಂಡರೆ 112ಕ್ಕೆ ಕರೆ ಮಾಡುವಾಗ "ಗಲಾಟೆ ಆಗ್ತಿದೆ" ಎಂದಷ್ಟೇ ಹೇಳಬೇಡಿ. "ಮನುಷ್ಯ ಸಾಯ್ತೀನಿ ಅಂತಿದ್ದಾನೆ, ಮನಸ್ಸು ಸರಿ ಇಲ್ಲ ಅನ್ಸುತ್ತೆ" ಎಂದೂ ಹೇಳಿ. ಬರುವ ಪೊಲೀಸರ ಕೈ ಲಾಠಿಗೆ ಹೋಗುತ್ತದೋ ಮಾತಿಗೆ ಹೋಗುತ್ತದೋ ಎಂಬುದನ್ನು ಆ ಒಂದು ವಾಕ್ಯ ಬದಲಿಸಬಹುದು. ಜನರನ್ನು ದೂರ ಸರಿಸಿ, ಮಕ್ಕಳನ್ನು ಒಳಗೆ ಕರೆಯಿರಿ. ಹತ್ತಿರ ಹೋಗಿ ಕೈಯಲ್ಲಿರುವುದನ್ನು ಕಿತ್ತುಕೊಳ್ಳುವ ಸಾಹಸ ಬೇಡ. "ಧಮ್ ಇದ್ರೆ ಮಾಡು ನೋಡೋಣ" ಎನ್ನುವ ಒಬ್ಬ ಗುಂಪಿನಲ್ಲಿ ಇದ್ದೇ ಇರುತ್ತಾನೆ, ಮೊದಲು ಅವನ ಬಾಯಿ ಮುಚ್ಚಿಸಿ. ವಿಡಿಯೊ ಹಾಕಬೇಡಿ. ಆ ಮನುಷ್ಯ ನಾಳೆ ಇದೇ ಊರಲ್ಲಿ ಬದುಕಬೇಕು.

ಬಳ್ಳಾರಿ ಮಾದರಿ ನೆನಪಿದೆಯಾ?

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ ಬಿದ್ದದ್ದು ಇದೇ ಮಣ್ಣಿನಲ್ಲಿ. ಬೆಂಗಳೂರಿನ ನಿಮ್ಹಾನ್ಸ್ 1985ರಿಂದ 1990ರವರೆಗೆ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಮತ್ತು ಮೂರ್ಛೆ ರೋಗ ಗುರುತಿಸುವ ತರಬೇತಿ ಕೊಟ್ಟು, ಮಾತ್ರೆ ಅಲ್ಲೇ ಸಿಗುವಂತೆ ಮಾಡಿತು. ಅದು ಯಶಸ್ವಿಯಾದ ಮೇಲೆ ಕೇಂದ್ರ ಸರ್ಕಾರ 1996ರಲ್ಲಿ "ಬಳ್ಳಾರಿ ಮಾದರಿ"ಯನ್ನೇ ಬೇರೆ ರಾಜ್ಯಗಳ ಜಿಲ್ಲೆಗಳಿಗೆ ಒಯ್ದಿತು. ಹಗರಿಬೊಮ್ಮನಹಳ್ಳಿ ಆಗ ಬಳ್ಳಾರಿ ಜಿಲ್ಲೆಯ ತಾಲೂಕು. ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯಲ್ಲಿ ಇವತ್ತಿಗೂ ಮನೋವೈದ್ಯರನ್ನು ನೋಡಲು ಹೋಗುವುದೆಂದರೆ ಕದ್ದು ಬಸ್ ಹತ್ತುವ ಹಾಗೆ ಹೋಗುತ್ತಾರೆ.

ತಾಲೂಕು ಆಸ್ಪತ್ರೆಗಳಿಗೆ ನಿಗದಿತ ದಿನ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಯೋಜನೆ ರಾಜ್ಯದಲ್ಲಿದೆ. ಮಂಗಳವಾರದ ಕ್ಲಿನಿಕ್ ಎಂದೇ ಅದಕ್ಕೆ ಹೆಸರು. ಹೋಗುವ ಮುನ್ನ ಆಸ್ಪತ್ರೆಯಲ್ಲಿ ದಿನ ಕೇಳಿಕೊಳ್ಳಿ. ದೂರ ಹೋಗಲಾಗದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸ್ವತಃ ಕಷ್ಟದಲ್ಲಿರುವವರು ಮಾತ್ರವಲ್ಲ, ಮನೆಯಲ್ಲಿ ಅಂಥವರನ್ನು ನೋಡಿಕೊಳ್ಳುವವರೂ ಕರೆ ಮಾಡಿ ಏನು ಮಾಡಬೇಕೆಂದು ಕೇಳಬಹುದು.